ಪಿ.ಟಿ. ಮೇಡಂ ಅವರ ಎಡಗೈ

ಅವರ ರವಿಕೆಯ ತೋಳಿನ ಹೊಲಿಗೆ ಯಾವಾಗಲೂ ಬಿಟ್ಟುಕೊಂಡಿರುತ್ತಿತ್ತು. ಎರಡೂ ಕಡೆ, ಕಂಕುಳ ಹತ್ತಿರ, ಬೆರಳು ತೂರುವಷ್ಟು. ನಂಜನಗೂಡಿನ ಬಜಾರಿನ ದರ್ಜಿ ಅಳತೆ ತೆಗೆಯುವಾಗೆಲ್ಲ, "ಮೇಡಮ್ಮೋರೆ, ಕೈ ಸಡಿಲ ಬುಡಿ, ಬಿಗಿ ಮಾಡ್ಬೇಡಿ" ಎನ್ನುತ್ತಿದ್ದನಂತೆ. "ಬುಟ್ಟೇ ಇವ್ನಿ ಕಣಪ್ಪ, ಅದಿರೋದೇ ಅಂಗೆ" ಎಂದು ಇವರು. ಹೊಸ ರವಿಕೆ ಒಂದು ಪೀರಿಯಡ್ಡು ಬಾಳುತ್ತಿತ್ತು. ಆಮೇಲೆ ಪರ್ ಎಂದು ಸದ್ದಾಗುತ್ತಿತ್ತು. ನೂಲಿನ ಸೀರೆ, ಸೊಂಟಕ್ಕೆ ಬಿಗಿದು ಸಿಕ್ಕಿಸಿದ ಸೆರಗು, ನೆರಿಗೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ವಿಷಲ್ಲು. ತಿರುಮಕೂಡಲು ನರಸೀಪುರದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಪಿ.ಟಿ. ಮೇಡಂ. ನಾನು ಲೆಕ್ಕದ ಮೇಡಂ.

ಇಬ್ಬರೂ ನಂಜನಗೂಡಿನವರು. ಬೆಳಿಗ್ಗೆ ಒಂದೇ ಬಸ್ಸು, ಸಾಯಂಕಾಲ ಒಂದೇ ಬಸ್ಸು. ನಾನು ಡ್ರೈವರನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದೆ. ಆತ ತೂಕಡಿಸಿದರೆ ಎಬ್ಬಿಸಬೇಕಲ್ಲ. ಮನೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆ ಊರು ದಾಟುವವರೆಗೆ. ಅಲ್ಲಿಂದ ಮುಂದೆ ಬಸ್ಸಿನ ಬ್ರೇಕಿನ ಚಿಂತೆ. ನರಸೀಪುರ ಬಂದಮೇಲೆ ನನ್ನ ಎದೆಬಡಿತದ ಚಿಂತೆ. ನನ್ನ ಮೈಯಲ್ಲಿ ನಾನು ಕಾಯಿಲೆ ಹುಡುಕದ ಜಾಗವಿರಲಿಲ್ಲ. ಪಿ.ಟಿ. ಮೇಡಂ ಬಸ್ಸು ಹತ್ತುತ್ತಲೇ ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದರು: "ಏನ್ರೀ ಮ್ಯಾಥ್ಸು, ಇವತ್ತೆಲ್ಲಿ ನೋವು?"

ಕಂಡಕ್ಟರ್ ನಗುತ್ತಿದ್ದ. ನಾನು ಎಲ್ಲಿ ನೋವೆಂದು ಹೇಳುತ್ತಿದ್ದೆ.

ಒಮ್ಮೆ ಇನ್‌ಸ್ಪೆಕ್ಷನ್ನಿಗೆ ಬರುತ್ತಾರೆಂಬ ಸುದ್ದಿ ಬಂತು. ನನಗೆ ಸ್ಟಾಫ್ ರೂಮಿನಲ್ಲೇ ಎದೆ ಡವಡವ ಎಂದು, ಅಂಗೈ ಬೆವರಿ, ಸೀಮೆಸುಣ್ಣ ಹಿಡಿದ ಕೈ ನಡುಗತೊಡಗಿತು. ಮೇಜಿನ ಮೇಲೆ ತಲೆಯಿಟ್ಟು, ನನ್ನ ಮಗಳನ್ನು ಮುಂದೆ ಯಾರು ಸಾಕುತ್ತಾರೆ ಎಂದು ಯೋಚಿಸುತ್ತಿದ್ದೆ. ಪಿ.ಟಿ. ಮೇಡಂ ಬಂದು ನನ್ನ ನಾಡಿ ಹಿಡಿದು ನೋಡಿದರು.

"ಎದೆ ಒಡ್ಕತಾ ಅದಾ? ಸರಿ. ಅದು ಒಡ್ಕಳಾಕೆ ಒಂದು ಕಾರಣ ಕೊಡಣ, ಬನ್ನಿ."

ಕರೆದುಕೊಂಡು ಹೋದದ್ದು ಮೈದಾನದ ಮೂಲೆಯ ಹೊಂಗೆಮರದ ಹತ್ತಿರಕ್ಕೆ. ಅದರ ಬುಡಕ್ಕೆ ಒಂದು ಹಗ್ಗ ಸುತ್ತಿತ್ತು. ಹಗ್ಗಜಗ್ಗಾಟದ್ದು, ಮಣಿಕಟ್ಟಿನಷ್ಟು ದಪ್ಪ, ತೆಂಗಿನ ನಾರಿನದು. ನಡುವೆ ಎಳೆ ಬಿಟ್ಟಿದೆ, ಮಕ್ಕಳು ಬಿದ್ದಾರು ಎಂದು ಹೆಡ್‌ಮಿಸ್ಟ್ರೆಸ್ ಅದನ್ನು ಗುಜರಿಗೆ ಹಾಕಲು ಹೇಳಿದ್ದರು. "ಜಗ್ಗಾಕಾಗಲ್ಲ ಅಂದ್ರೆ ಆಡ್ಸಕಾಯ್ತದೆ" ಎಂದು ಇವರು ಅದನ್ನು ಮರಕ್ಕೆ ಬಳಸಿ, ಎರಡು ತುದಿ ಎರಡು ಕೈಗೆ ಬರುವಂತೆ ಮಾಡಿಕೊಂಡಿದ್ದರು. ಜಗ್ಗಾಟದ ಹುಡುಗಿಯರಿಗೆ ಎದುರು ಪಾರ್ಟಿ ಇಲ್ಲದ ದಿನ ಅದೇ ಅಭ್ಯಾಸ.

ಈಗ ಮೈಸೂರಿನ ಜಿಮ್ಮುಗಳಲ್ಲಿ ಇದಕ್ಕೆ ಬ್ಯಾಟಲ್ ರೋಪ್ ಎನ್ನುತ್ತಾರೆ. ನನ್ನ ಅಕ್ಕನ ಮಗ ಕನ್ನಡಿಯ ಮುಂದೆ, ಕಿವಿಗೆ ಹಾಡು ಸಿಕ್ಕಿಸಿಕೊಂಡು ಮಾಡುತ್ತಾನೆ. "ಇಡೀ ಬಾಡಿಗೆ ಎಕ್ಸರ್‌ಸೈಸು ಚಿಕ್ಕಮ್ಮ, ನಿಂಗೆ ಗೊತ್ತಾಗಲ್ಲ" ಎಂದ. ಗೊತ್ತಿದೆ ಎನ್ನಲಿಲ್ಲ. ಹೇಳಲು ಹೊರಟರೆ ಎಲ್ಲವನ್ನೂ ಹೇಳಬೇಕಾಗುತ್ತದೆ.

"ಕಾಲು ಅಗಲ್ಸಿ. ಮಂಡಿ ಬಗ್ಸಿ. ಬೆನ್ನು ಗೂನು ಮಾಡ್ಬೇಡಿ, ಅಜ್ಜಿ ಅಲ್ಲ ನೀವು. ಈಗ ಒಂದು ಕೈ ಮ್ಯಾಕ್ಕೆ, ಒಂದು ಕೈ ಕೆಳಕ್ಕೆ. ಆಡ್ಸಿ!"

ಆಡಿಸಿದೆ. ಹಗ್ಗ ನನ್ನ ಕಾಲ ಬಳಿಯೇ ಒಂದು ಸಲ ಹೊರಳಿ ಮಲಗಿತು.

"ಕೈಯಲ್ಲಿ ಆಡ್ಸೋದಲ್ಲ ಕಣ್ರೀ. ತೊಡೆಯಿಂದ ಎತ್ಕೊಳಿ. ಒಟ್ಟೆ ಬಿಗಿ ಇಡ್ಕಳಿ. ಅಲ್ಲಿಂದ ಬೆನ್ನು, ಬೆನ್ನಿಂದ ಭುಜ, ಕೈ ಬರೀ ಪೋಸ್ಟ್‌ಮ್ಯಾನು, ಬಂದಿದ್ದ ಮುಂದಕ್ಕೆ ಕೊಡ್ತದೆ ಅಷ್ಟೇ. ಅಲೆ ಓಗಿ ಮರ ಮುಟ್ಬೇಕು."

ಆವತ್ತು ಮುಟ್ಟಲಿಲ್ಲ. ಆ ವಾರವೂ ಇಲ್ಲ. ಆದರೆ ಅರೆಗಳಿಗೆ ಆಡಿಸಿ ಕೆಮ್ಮುತ್ತ ನೆಲಕ್ಕೆ ಕೂತಾಗ ಎದೆ ಬಡಿದುಕೊಳ್ಳುತ್ತಿದ್ದದ್ದು ಹಗ್ಗಕ್ಕಾಗಿ; ಇನ್‌ಸ್ಪೆಕ್ಷನ್ ಮರೆತೇ ಹೋಗಿತ್ತು. ಮಾರನೆಯ ದಿನ ನಾನೇ ಹೋದೆ. ವರ್ಷ ಕಳೆಯುವಷ್ಟರಲ್ಲಿ ಸ್ಕೂಲು ಬಿಟ್ಟಮೇಲೆ ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಹೊಂಗೆಮರದ ಕೆಳಗಿರುವುದು ಪದ್ಧತಿಯಾಯಿತು. ನರಸೀಪುರದ ಜನ ಕಾಂಪೌಂಡಿನಾಚೆ ನಿಂತು ನೋಡುತ್ತಿದ್ದರು. ಒಬ್ಬ ಮುದುಕ ಕೇಳಿಯೇಬಿಟ್ಟ: "ಮೇಡಮ್ಮೋರೆ, ಮರ ಏನ್ ತಪ್ಪು ಮಾಡ್ತು?"

ಇದಿಷ್ಟೂ ತಮಾಷೆಯ ಕಾಲದ ಮಾತು.

ತೊಂಬತ್ತರ ದಶಕ ಮುಗಿಯುತ್ತಿತ್ತು. ಶ್ರಾವಣದಲ್ಲಿ ಒಂದು ದಿನ ಸ್ನಾನ ಮಾಡುವಾಗ ನನ್ನ ಎದೆಯಲ್ಲಿ ಅವರೆಕಾಳಿನಷ್ಟು ಗಡ್ಡೆ ಕೈಗೆ ತಗುಲಿತು. ನಮ್ಮ ಮನೆಯವರಿಗೆ ಹೇಳಿದೆ. "ಹೋದ ತಿಂಗಳು ಗಂಟಲಲ್ಲಿತ್ತು, ಈಗ ಎದೆಗೆ ಇಳೀತಾ?" ಎಂದು ಪೇಪರು ತಿರುವಿದರು. ಅವರನ್ನು ದೂರುವಂತಿಲ್ಲ. ತೋಳ ಬಂತು ತೋಳ ಎಂದು ನಾನು ಕೂಗಿದ್ದು ಒಂದೆರಡು ಸಲವಲ್ಲ.

ಪಿ.ಟಿ. ಮೇಡಂ ಮಾತ್ರ ಪೂರ್ತಿ ಕೇಳಿಸಿಕೊಂಡರು. "ಶನಿವಾರ ಮಧ್ಯಾಹ್ನ ಮೈಸೂರಿಗೆ ಓಗಣ ನಡೀರಿ. ನಾನು ಬತ್ತೀನಿ ಜೊತೇಲಿ. ಡಾಕ್ಟ್ರು ಏನೂ ಇಲ್ಲ ಅಂತಂದ್ರೆ ಬೇಜಾರು ಮಾಡ್ಕಬಾರ್ದು ಮತ್ತೆ."

ಲೇಡಿ ಡಾಕ್ಟರು ಪರದೆಯ ಹಿಂದೆ ನನ್ನನ್ನು ಮಲಗಿಸಿ ಬೆರಳ ತುದಿಯಿಂದ ಒತ್ತಿ ನೋಡಿದರು. ಒಳಗೆ ಒಬ್ಬಳೇ ಹೋಗಲು ಹೆದರಿ ನಾನು ಪಿ.ಟಿ. ಮೇಡಂ ಅವರನ್ನೂ ಎಳೆದುಕೊಂಡು ಹೋಗಿದ್ದೆ. ನನ್ನ ವ್ಯಾನಿಟಿ ಬ್ಯಾಗು ಹಿಡಿದು ಪಕ್ಕದಲ್ಲೇ ನಿಂತಿದ್ದರು. "ಬೆರಳ ಕೆಳಗೆ ಗೋಲಿ ಥರ ಜಾರ್ತಾ ಇದೆ ನೋಡಿ. ಜರುಗುತ್ತೆ. ಹೀಗಿದ್ದರೆ ಅಷ್ಟು ಭಯ ಬೇಡ. ಆದರೂ ಒಂದು ಟೆಸ್ಟ್ ಮಾಡಿಸಿ" ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು.

ವಾಪಸ್ಸು ಬರುವಾಗ ನಾನು ಬಸ್ ಸ್ಟ್ಯಾಂಡಿನಲ್ಲಿ ಸೀಬೆಹಣ್ಣು ಕೊಂಡೆ. ಉಪ್ಪುಖಾರ ಹಾಕಿಸಿಕೊಂಡೆ. ಜನ್ಮದಲ್ಲಿ ಮೊದಲ ಸಲ ಡ್ರೈವರನ ಹಿಂದೆ ಕೂರದೆ ಎಲ್ಲೋ ಮಧ್ಯದಲ್ಲಿ ಕೂತು ಒಂದೇ ಸಮ ಮಾತಾಡಿದೆ. ಅವರು ಹಣ್ಣು ಕೈಯಲ್ಲೇ ಹಿಡಿದು ಕಿಟಕಿಯಾಚೆ ನೋಡುತ್ತಿದ್ದರು. ಊರು ಬಿಟ್ಟು ಸುಮಾರು ದೂರ ಬಂದಮೇಲೆ ಕೇಳಿದರು:

"ಅಲ್ಲಾ ಮ್ಯಾಥ್ಸು, ಜರುಗ್ತದೆ ಅಂದ್ರಲ್ಲ ಡಾಕ್ಟ್ರು. ಜರುಗುದ್ರೆ ಏನು?"

"ಜರುಗಿದರೆ ಭಯ ಕಡಿಮೆಯಂತೆ ಮೇಡಂ."

"ಜರುಗದೇ ಓದ್ರೆ?"

ನಾನು ಹಣ್ಣು ಕಚ್ಚುವುದನ್ನು ನಿಲ್ಲಿಸಿದೆ.

"ನಂದು ಜರುಗಲ್ಲ ಕಣ್ರೀ" ಎಂದರು.

ಅವರು ಯಾವತ್ತೂ ಅಷ್ಟು ಮೆಲ್ಲಗೆ ಮಾತಾಡಿದವರಲ್ಲ. ಬಸ್ಸು ಕಡಕೊಳ ದಾಟುತ್ತಿತ್ತು. ನಾನು ಎದ್ದು ನಿಂತು ಕೂಗಿದೆ. ಕಂಡಕ್ಟರ್, "ಇಲ್ಲೆಲ್ಲಿ ಸ್ಟಾಪು ತಾಯಿ, ಕೂತ್ಕಳಿ" ಎಂದ. ಏನು ಹೇಳಿದೆನೋ ನೆನಪಿಲ್ಲ, ಬಸ್ಸು ನಿಂತಿತು. ಪಿ.ಟಿ. ಮೇಡಂ ಅವರ ಮಣಿಕಟ್ಟು ಹಿಡಿದು ಎಳೆದೆ. ಅಂಥ ಮೈಕಟ್ಟಿನ ಹೆಂಗಸು ನನ್ನ ಹಿಂದೆ ಇಳಿದು ಬಂದರು. ರಸ್ತೆ ದಾಟಿ, ಬಂದ ದಿಕ್ಕಿಗೆ ಹೊರಟ ಇನ್ನೊಂದು ಬಸ್ಸು ಹತ್ತಿದೆವು.

ಡಾಕ್ಟರು ಈ ಸಲ ಹೆಚ್ಚು ಹೊತ್ತು ತೆಗೆದುಕೊಂಡರು. ಎಡ ಎದೆ, ಆಮೇಲೆ ಎಡ ಕಂಕುಳು. "ಯಾವಾಗಿಂದ?" ಎಂದು ಕೇಳಿದರು.

"ಆಷಾಢಕ್ಕೂ ಮೊದ್ಲೇ ಸಿಕ್ತು ಮೇಡಂ. ಅಗ್ಗ ಆಡ್ಸಿ ಆಡ್ಸಿ ಮಾಂಸ ಇಡ್ಕಂಡದೆ ಅನ್ಕಂಡೆ. ಹುಣಸೇಹಣ್ಣು ಉಪ್ಪು ಕಾಯ್ಸಿ ಪಟ್ಟು ಹಾಕ್ತಿದ್ದೆ. ನೋವೇ ಇರ್ಲಿಲ್ಲವಲ್ಲ ಮೇಡಂ."

ಆ ತಪ್ಪು ಅವರ ಕಸುಬಿನದೇ. ಮಕ್ಕಳು ಬಿದ್ದಾಗ ಅವರು ಮೊದಲು ಕೇಳುತ್ತಿದ್ದದ್ದು "ನೋಯ್ತದಾ?" ಎಂದು. ನೋವಿದ್ದರೆ ಕೂರಿಸು, ಇಲ್ಲದಿದ್ದರೆ ಎದ್ದು ಓಡು. ನಲವತ್ತು ದಾಟಿದ ಮೈಯನ್ನೂ ಹದಿನಾಲ್ಕರ ಮೈಯಂತೆಯೇ ಓದಿದರು. ನೋವೇ ಇಲ್ಲದ ಕಡೆಯಲ್ಲೆಲ್ಲ ನೋವು ಕಾಣುತ್ತಿದ್ದ ನನಗೆ ಅವರೆಕಾಳು. ನೋವು ಬಂದರೆ ನೋಡೋಣ ಎಂದು ಕಾದವರಿಗೆ ಇದು.

ಆಪರೇಷನ್ ಎಂದರು. ತಡಮಾಡುವಂತಿಲ್ಲ ಎಂದರು. ಆದರೆ ಜಿಲ್ಲಾ ಮಟ್ಟದ ಪಂದ್ಯಗಳು ಹತ್ತಿರ ಬಂದಿದ್ದವು. ನಮ್ಮ ಹುಡುಗಿಯರು ತಾಲ್ಲೂಕಿನಲ್ಲಿ ಗೆದ್ದಿದ್ದರು. "ಅದೊಂದು ಮುಗೀಲಿ" ಎಂದು ಹಟ ಹಿಡಿದರು. ನಾನು ಅವರ ಯಜಮಾನರ ಗೊಬ್ಬರದ ಅಂಗಡಿಗೆ ಹೋಗಿ, ಮೂಟೆಗಳ ನಡುವೆ ನಿಂತು ಅತ್ತೆ. ಆ ಸಾಧು ಮನುಷ್ಯ ಅಂಗಡಿಯ ಬಾಗಿಲು ಎಳೆದುಕೊಂಡು ನನ್ನ ಜೊತೆಗೇ ಮನೆಗೆ ಬಂದರು. ಪಂದ್ಯಕ್ಕೆ ಹುಡುಗಿಯರನ್ನು ನಾನು ಕರೆದುಕೊಂಡು ಹೋದೆ. ಮೊದಲ ಸುತ್ತಿನಲ್ಲೇ ಸೋತೆವು. ಆಸ್ಪತ್ರೆಯ ಮಂಚದ ಮೇಲಿಂದ ಅವರು ಕೇಳಿದ್ದು ಒಂದೇ: "ಕಾಲು ಊರುದ್ರಾ?"

"ಊರಿದರು ಮೇಡಂ. ಕೊನೇವರೆಗೂ ಬಿಡಲಿಲ್ಲ."

"ಅಷ್ಟು ಸಾಕು ಬುಡಿ."

ಎದೆಯ ಒಂದು ಭಾಗ ಹೋಯಿತು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಕೂದಲು ಹೋಯಿತು, "ದರ್ಜಿ ಆಯ್ತು, ಈಗ ಹೂವಾಡಗಿತ್ತಿಗೂ ನಷ್ಟ" ಎಂದರು. ಅವರನ್ನು ಕುಗ್ಗಿಸಿದ್ದು ಎಡಗೈ. ಭುಜದ ಎತ್ತರಕ್ಕೂ ಏಳುತ್ತಿರಲಿಲ್ಲ. ಆ ಕೈಯಲ್ಲಿ ಬಿಂದಿಗೆ ಎತ್ತಬೇಡಿ, ಸೂಜಿ ಚುಚ್ಚಿಸಿಕೊಳ್ಳಬೇಡಿ, ಬಾತುಕೊಂಡರೆ ಕೂಡಲೇ ಬನ್ನಿ ಎಂದು ನರ್ಸು ಹೇಳಿ ಕಳಿಸಿದ್ದಳು.

ಒಂದು ಬೆಳಿಗ್ಗೆ ಅವರ ಮನೆಗೆ ಹೋದಾಗ ಜಗಳ ನಡೆದಿತ್ತು. ಅವರು ಲಿಂಗವಂತರು, ಹೆಮ್ಮರಗಾಲದ ತವರಿನಲ್ಲಿ ಎಂಟನೆಯ ವಯಸ್ಸಿಗೆ ಲಿಂಗಧಾರಣೆಯಾದಾಗಿನಿಂದ ಪೂಜೆ ತಪ್ಪಿಸಿದವರಲ್ಲ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತ ಕೂರುವ ಪೂಜೆ. ಆ ಕೈ ಈಗ ಮಡಿಲು ಬಿಟ್ಟು ಏಳುತ್ತಿರಲಿಲ್ಲ.

"ಪೀಠದ ಮೇಲೆ ಇಟ್ಕೊಂಡು ಮಾಡು ಅಂದ್ರು ಅಯ್ನೋರು" ಎಂದು ಯಜಮಾನರು ನನ್ನ ಹತ್ತಿರ ದೂರು ಹೇಳಿದರು. "ಕೇಳಾಕಿಲ್ಲ ಇವ್ಳು."

"ಅಯ್ನೋರು ಒಪ್ಪುದ್ರು. ನಾನು ಒಪ್ಪಲ್ಲ. ಊರ್ ಮಕ್ಕಳಿಗೆಲ್ಲ ಕೈ ಎತ್ರೋ ಕೈ ಎತ್ರೋ ಅಂತ ಕೂಗ್ದೋಳು ನಾನು, ಸಿವನ್ ಮುಂದೆ ಕೈ ಎತ್ತಕಾಗಲ್ಲ ಅಂತ ಕೂತ್ಕಳ್ಳಾ?" ಎಂದರು. ನನ್ನ ಕಡೆ ತಿರುಗಿ, ಆವತ್ತು ಮೊದಲ ಸಲ ಏಕವಚನದಲ್ಲಿ ಹೇಳಿದರು: "ಬಾ ಇಲ್ಲಿ. ಆ ಹಳೇ ಸೀರೆ ಇಡ್ಕಂಡು ಹುರಿ ಮಾಡು."

ನೂಲಿನ ಹಳೆಯ ಸೀರೆಯನ್ನು ಹುರಿಗೊಳಿಸಿ ಕಿಟಕಿಯ ಸರಳಿಗೆ ಕಟ್ಟಿದೆವು. ನಾನು ಮೊದಲು ಡಾಕ್ಟರನ್ನು ಕೇಳಬೇಕೆಂದು ಹಟ ಮಾಡಿ, ಕೇಳಿಕೊಂಡು ಬಂದೆ. ನಿಧಾನ, ತೂಕ ಬೇಡ, ಬಾತರೆ ನಿಲ್ಲಿಸಿ ಎಂದಿದ್ದರು. ದಿನವೂ ಸಂಜೆ ಬಸ್ಸಿಳಿದು ನೇರ ಅವರ ಮನೆಗೆ ಹೋಗುತ್ತಿದ್ದೆ. ಬಲಗೈಯ ಕಡೆ ಅಲೆ ಹೋಗಿ ಸರಳಿಗೆ ಬಡಿಯುತ್ತಿತ್ತು. ಎಡಗಡೆಯದು ಹುಟ್ಟುತ್ತಲೇ ಇರಲಿಲ್ಲ. ಅವರು ಹಲ್ಲು ಕಚ್ಚಿ, ಮಂಡಿ ಬಗ್ಗಿಸಿ, ಕಾಲಿನಿಂದ ಎತ್ತಿ ತರುತ್ತಿದ್ದರು; ಸೊಂಟದವರೆಗೆ ಬರುತ್ತಿತ್ತು, ಬೆನ್ನಿನವರೆಗೆ ಬರುತ್ತಿತ್ತು, ಭುಜದ ಹತ್ತಿರ ಆಪರೇಷನ್ನಿನ ಗೀರು ಸಿಕ್ಕಿ ಅಲ್ಲೇ ಸಾಯುತ್ತಿತ್ತು. ಬೆವರಿನ ಜೊತೆ ಕಣ್ಣೀರೂ ಇಳಿಯುತ್ತಿತ್ತು. "ನೋಯ್ತದಾ ಮೇಡಂ?" ಎಂದರೆ, "ನೋಯ್ತದೆ. ಒಳ್ಳೇದು. ನೋವಿದ್ರೆ ಏನಾಯ್ತಾ ಅದೆ ಅಂತ ಗೊತ್ತಾಯ್ತದೆ" ಎನ್ನುತ್ತಿದ್ದರು.

ಬೇಸಿಗೆಯಲ್ಲಿ ಒಮ್ಮೆ ಕೈ ಬಾತು ತಿಂಗಳುಗಟ್ಟಲೆ ಎಲ್ಲ ನಿಂತಿತು. ಆ ದಿನಗಳಲ್ಲಿ ನಾನು ನರ್ಸಿನಿಂದ ಕೈ ನೀವುವುದನ್ನು ಕಲಿತೆ, ಬೆರಳಿನಿಂದ ಭುಜದ ಕಡೆಗೆ, ಹಗುರವಾಗಿ. ಮತ್ತೆ ಸೀರೆಯಿಂದ ಶುರು. ಆಮೇಲೆ ಬಾವಿಯ ಹಗ್ಗ. ಅವರು ಕೆಲಸಕ್ಕೆ ಮರಳಿ ಬಹಳ ದಿನಗಳಾದ ಮೇಲೆ ಒಂದು ಮಧ್ಯಾಹ್ನ ಹೊಂಗೆಮರದ ಕೆಳಗೆ ದಪ್ಪ ಹಗ್ಗದ ಎಡತುದಿ ಸಣ್ಣದೊಂದು ಅಲೆ ಎಬ್ಬಿಸಿತು. ಮರ ಮುಟ್ಟಲಿಲ್ಲ, ಮುಕ್ಕಾಲು ದಾರಿ ಹೋಯಿತು. ಅದಕ್ಕೂ ಮೊದಲೇ ಪೂಜೆಯಲ್ಲಿ ಕೈ ಎದ್ದಿತ್ತು. ಅದನ್ನು ನನಗೆ ಹೇಳಿದ್ದು ಯಜಮಾನರು, ಅಂಗಡಿಯ ಮುಂದೆ ನಿಲ್ಲಿಸಿ, ಕಣ್ಣೊರೆಸಿಕೊಂಡು.

ಕೆಲವು ವರ್ಷ ಚೆನ್ನಾಗಿದ್ದವು. ನನ್ನ ಗಡ್ಡೆ ಏನೂ ಅಲ್ಲವೆಂದು ಟೆಸ್ಟು ಹೇಳಿತ್ತು. ನಾನು ಬೇರೆ ಕಾಯಿಲೆಗಳಿಗೆ ಹೋದೆ. ಅವರ ಚೆಕಪ್ಪಿಗೂ ನಾನೇ ಜೊತೆ ಹೋಗುತ್ತಿದ್ದೆ. ಹಿಂದಿನ ರಾತ್ರಿ ನಿದ್ದೆಗೆಡುತ್ತಿದ್ದವಳು ನಾನು. ಬಸ್ಸಿನಲ್ಲಿ ಗೊರಕೆ ಹೊಡೆಯುತ್ತಿದ್ದವರು ಅವರು. ಒಮ್ಮೆ ಕೇಳಿದೆ, ನಿಮಗೆ ಭಯವೇ ಆಗುವುದಿಲ್ಲವೇ ಎಂದು. "ಅದ್ನ ನಿಂಗೆ ಒಪ್ಸಿವ್ನಿ, ಇಬ್ರುಗೂ ಸೇರಿ ನೀನೇ ಪಡು" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, ಕಣ್ಣು ಬಿಡದೆ: "ಆವತ್ತು ನೀನು ಇಳಿಸದೇ ಇದ್ದಿದ್ರೆ ನಾನು ಇಳೀತಿರ್ಲಿಲ್ಲ ಕಣೇ."

ನನ್ನವರಲ್ಲಿ ಬೇರೆ ಯಾರೂ ನನ್ನ ಭಯಕ್ಕೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಈಗಲೂ ಪ್ರತಿವರ್ಷ ಸ್ಟಾಫ್ ರೂಮಿನ ಬಾಗಿಲು ಹಾಕಿ ಹೆಂಗಸರಿಗೆಲ್ಲ ಹೇಳುತ್ತೇನೆ, ನೋವಿಲ್ಲದಿದ್ದರೂ ತೋರಿಸಿಕೊಳ್ಳಿ ಎಂದು. ಶುರುವಾಯ್ತು ಇವರದು ಎಂದು ಒಬ್ಬಳು ಇನ್ನೊಬ್ಬಳ ತೋಳು ಚಿವುಟುತ್ತಾಳೆ. ಚಿವುಟಲಿ. ಜೊತೆಗೆ ಬನ್ನಿ ಎಂದು ಯಾರು ಕರೆದರೂ ಹೋಗುತ್ತೇನೆ, ಡಾಕ್ಟರ ಹತ್ತಿರ ಕರೆದವಳ ಜೊತೆಗೆ ನಾನೂ ತೋರಿಸಿಕೊಳ್ಳುತ್ತೇನೆ.

ಪಿ.ಟಿ. ಮೇಡಂಗೆ ಅದು ಮರಳಿ ಬಂದದ್ದು ಬೆನ್ನೆಲುಬಿಗೆ. ಈ ಸಲ ನೋವಿತ್ತು. ಹಾಗಾಗಿ ಬೇಗ ಹೇಳಿದರು. ಆದರೆ ಈ ಸಲ ಬೇಗ ಹೇಳಿ ಪ್ರಯೋಜನವಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹಾಸಿಗೆ ಹಿಡಿದರು. ಬನ್ನೂರಿಗೆ ಕೊಟ್ಟಿದ್ದ ಮಗಳು ಬಂದು ಉಳಿದಳು. ತೋಳು ಕಡ್ಡಿಯಾಯಿತು, ಬಲದ್ದು. ಎಡದ್ದು ಬಾತು, ಬಿಗಿದು, ಹೊಳೆಯುತ್ತಿತ್ತು.

ಅವರು ಹೋದದ್ದು ಒಂದು ಬುಧವಾರ, ನಾನು ಒಂಬತ್ತನೆಯ ತರಗತಿಗೆ ತ್ರಿಕೋನದ ಪ್ರಮೇಯ ಬರೆಯುತ್ತಿದ್ದಾಗ. ಅದರ ಬಗ್ಗೆ ಹೇಳಲು ಹೆಚ್ಚಿಲ್ಲ. ಹೇಳಬೇಕಾದದ್ದು ಅದಕ್ಕೆ ಮುಂಚಿನ ಭಾನುವಾರದ್ದು.

ಬೆಳಿಗ್ಗೆ ಹೋದಾಗ ಮಗಳು ಪೂಜೆಗೆ ಅಣಿ ಮಾಡುತ್ತಿದ್ದಳು. ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಆ ಕೈ ತಾನಾಗಿ ಏಳುವುದು ನಿಂತಾಗಿನಿಂದ ಯಜಮಾನರು ದಿನವೂ ಕೆಳಗಿನಿಂದ ಎತ್ತಿ ಹಿಡಿಯುತ್ತಿದ್ದರು. ಆವತ್ತು ಅವರೂ ಹಿಡಿಯಲಾರದೆ ಹೋದರು. ಹೆಂಡತಿಯ ಮುಖ ನೋಡಿದರೆ ಸಾಕು, ಮುದುಕನಿಗೆ ಮೈಯೆಲ್ಲ ಅದುರುತ್ತಿತ್ತು.

"ಇವ್ರ ಕೈ ನಡುಗ್ತದೆ. ಲಿಂಗ ಅಲ್ಲಾಡ್ತದೆ" ಎಂದರು ಪಿ.ಟಿ. ಮೇಡಂ. ದನಿ ಉಸಿರಿನಷ್ಟೇ ಇತ್ತು. "ನೀನು ಬಾ."

ನಡುಗುವ ಕೈ ಬೇಡವೆಂದು ನನ್ನನ್ನು ಕರೆಯುವುದೆಂದರೆ! ನಾನು ನೆಪ ಹುಡುಕಿದೆ. "ನಾವು ಒಕ್ಕಲಿಗರು ಮೇಡಂ, ನಿನ್ನೆ ಮನೇಲಿ ಕೋಳಿ ಮಾಡಿದ್ವಿ."

"ಸ್ನಾನ ಮಾಡಿದ್ದೀಯಾ?"

"ಮಾಡಿದ್ದೀನಿ."

"ಇನ್ನೇನ್ ಮತ್ತೆ? ಮಂಡಿ ಊರು."

ಯಜಮಾನರ ಕಡೆ ನೋಡಿದೆ. ಅವರು ಸರಿದು ಜಾಗ ಬಿಟ್ಟರು. ಮಂಚದ ಪಕ್ಕ ಮಂಡಿಯೂರಿ, ಒಂದು ಕೈಯನ್ನು ಅವರ ಮೊಣಕೈ ಕೆಳಗೆ, ಇನ್ನೊಂದನ್ನು ಅಂಗೈ ಕೆಳಗೆ ಕೊಟ್ಟೆ. ಮನುಷ್ಯರ ಒಂದು ಕೈ ಅಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ. ತೊಡೆಯಿಂದ ಎತ್ತಿಕೊಂಡೆ. ಹೊಟ್ಟೆ ಬಿಗಿ ಹಿಡಿದೆ. ಅಂಗೈ ಅವರ ಕಣ್ಣಿನ ಮಟ್ಟಕ್ಕೆ ಬಂತು. ಮಗಳು ಲಿಂಗವನ್ನು ಅದರಲ್ಲಿಟ್ಟಳು.

ಅವರಿಗೆ ಅವಸರವಿರಲಿಲ್ಲ. ಬಲಗೈಯಿಂದ ಒಂದು ಉದ್ಧರಣೆ ನೀರು, ವಿಭೂತಿ, ಒಂದೊಂದೇ ಎಸಳು ಬಿಲ್ವಪತ್ರೆ. ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು. ಆಮೇಲೆ ಬರೀ ನೋಡುತ್ತ ಕೂತರು. ನನ್ನ ಭುಜ ಉರಿಯಿತು, ಬೆನ್ನು ಉರಿಯಿತು, ಮಂಡಿ ಮರಗಟ್ಟಿತು. ಈಗ ನಡುಗುತ್ತದೆ, ಈಗ ನಡುಗುತ್ತದೆ ಎಂದು ನನ್ನ ಕೈಯನ್ನೇ ಕಾಯುತ್ತಿದ್ದೆ. ಬಿಲ್ವದ ಎಸಳು ಇಟ್ಟಲ್ಲಿಂದ ಸರಿಯಲಿಲ್ಲ.

ಮುಗಿಯಿತೆಂದು ಅವರು ರೆಪ್ಪೆ ಬಡಿದು ಸನ್ನೆ ಮಾಡಿದರು. ಮಗಳು ಲಿಂಗ ತೆಗೆದುಕೊಂಡಳು. ನಾನು ಆ ಕೈಯನ್ನು ಮೆಲ್ಲಗೆ ದಿಂಬಿನ ಮೇಲಿಳಿಸಿ, ಎದ್ದು, ನೀರು ಕುಡಿಯಲು ಅಡುಗೆಮನೆಗೆ ಹೋದೆ. ಲೋಟ ತುಂಬಿಸಿಕೊಂಡೆ. ಬಾಯಿಯವರೆಗೆ ತರಲಾಗಲಿಲ್ಲ, ಎರಡೂ ಕೈಯಲ್ಲಿ ಹಿಡಿದರೂ ನೀರೆಲ್ಲ ಸೀರೆಯ ಮೇಲೆ ಚೆಲ್ಲಿಹೋಯಿತು.